ಆರು ಕೊಂಬಿನ ಡಬ್ಬ

ಮಾವನವರು ತೀರಿಕೊಂಡು ಎಂಟು ತಿಂಗಳಾದ ಮೇಲೆ ಮತ್ತೊಮ್ಮೆ ತೀರಿಕೊಂಡರು. ಮೊದಲನೆಯ ಸಲ ಅವರ ಹೃದಯ ಕೈಕೊಟ್ಟಿತ್ತು. ಎರಡನೆಯ ಸಲದ್ದು ಪೂರ್ತಿಯಾಗಿ ಅಳಿಯನ ಕೈಗುಣ.

ಅಳಿಯ ಕೆಟ್ಟವನೇನಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ. ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸ. ಹಗಲೆಲ್ಲ ಮೆತ್ತನೆಯ ಹಾಸಿಗೆಗಳ ನಡುವೆ ನಿಂತೇ ಇರಬೇಕು. ಕೂರುವಂತಿಲ್ಲ, ಮಲಗುವುದು ದೂರದ ಮಾತು. ಗಿರಾಕಿಗಳು ಬೂಟು ಬಿಚ್ಚಿ ಮಲಗಿ, ಕಣ್ಣು ಮುಚ್ಚಿ, ಕೆಲವರು ಒಂದಿಷ್ಟು ಗೊರಕೆಯನ್ನೂ ಹೊಡೆದು, ‘ನಾಳೆ ಬರ್ತೀವಿ’ ಎಂದು ಎದ್ದು ಹೋಗುವುದನ್ನು ನೋಡಿ ನೋಡಿ ಅವನ ಮುಖದಲ್ಲಿ ಒಂದು ಮುಸ್ಸಂಜೆ ಕಾಯಮ್ಮಾಗಿ ನೆಲೆಸಿಬಿಟ್ಟಿತ್ತು. ಆದರೂ ಅವನಿಗೊಂದು ಹೆಮ್ಮೆ ಉಳಿದಿತ್ತು. ಯಾವ ವಸ್ತುವೇ ಆಗಲಿ, ಆರಿಸುವ ವಿದ್ಯೆ ತನಗೆ ಒಲಿದಿದೆ. ಅಂಗೈಯಿಂದ ಒಮ್ಮೆ ಒತ್ತಿ ನೋಡಿದರೆ ಮಾಲು ಎಂಥದೆಂದು ಹೇಳಬಲ್ಲೆ ಎನ್ನುತ್ತಿದ್ದ. ಮನೆಯ ಮಿಕ್ಸಿ, ಕುರ್ಚಿ, ಮಗಳ ಶಾಲೆಯ ಬೆಂಚು, ಎಲ್ಲವನ್ನೂ ಒತ್ತಿ ನೋಡಿಯೇ ಒಪ್ಪಿದ್ದ. ಹೆಂಡತಿಯ ವಿಷಯದಲ್ಲಿ ಮಾತ್ರ ಆರಿಸಿದವಳು ಅವಳು. ಆ ತಪ್ಪು ಅವನ ಲೆಕ್ಕಕ್ಕೆ ಬರುವುದಿಲ್ಲ.

ಹೆಂಡತಿಗೆ ವಿಮೆ ಕಂಪನಿಯೊಂದರ ದೂರು ವಿಭಾಗದಲ್ಲಿ ಕೆಲಸ, ಮನೆಯಿಂದಲೇ. ಮಲಗುವ ಕೋಣೆಯ ಕಿಟಕಿ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ದಿನವಿಡೀ ಊರಿನವರ ಬೈಗುಳಕ್ಕೆ ‘ನಿಮ್ಮ ನೋವು ನಮಗೆ ಅರ್ಥವಾಗುತ್ತದೆ’ ಎಂದು ಉತ್ತರ ಕೊಡುವುದು.

“ರೀ, ಇವತ್ತೂ ನಿಂತೋಯ್ತು,” ಎಂದಳು ಒಂದು ಸಂಜೆ. “ಗಂಡನ್ನ ಕಳ್ಕೊಂಡ ಹೆಂಗಸು. ‘ನಿಮ್ಮ ನೋವು ನಮಗೆ’ ಅಂದೆ, ಅಷ್ಟಕ್ಕೆ ವೈಫೈ ಹೋಯ್ತು. ಆಯಮ್ಮ ಕಾಲು ಗಂಟೆ ಹಿಡ್ಕೊಂಡೇ ಇದ್ದರಂತೆ, ನೋವು ನಿಮಗೆ ಏನು ಅಂತ ಕೇಳೋಕೆ.”

“ಆಮೇಲೆ?”

“ಆಮೇಲೇನು. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನ ನೋಡ್ಕೋತೀವಿ ಅಂತ ಮೇಲಿನವರು ಹೇಳಿದಾರೆ. ಆ ಡಬ್ಬ ಬದಲಾಯಿಸಿ.”

ಆ ಡಬ್ಬ ಎಂದರೆ ಮಾವನವರು ಹಾಕಿಸಿದ್ದ ರೌಟರ್. ಮಾವನವರು ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸುತ್ತ ಆಯುಸ್ಸು ಕಳೆದ ಗಾರ್ಡ್. ನಿವೃತ್ತರಾಗಿ ಅತ್ತೆಯವರೊಡನೆ ಮಗಳ ಮನೆಗೆ ಬಂದ ಮೇಲೆ ಅವರು ಮಾಡಿದ ಒಂದೇ ಒಂದು ಕೆಲಸ ಆ ರೌಟರನ್ನು ಬೀರುವಿನ ಮೇಲೆ ಕೂರಿಸಿದ್ದು. ಬೀಳದಿರಲೆಂದು ಹಳೆಯ ಬಾವುಟದ ಹಸಿರು ಬಟ್ಟೆಯ ಚೂರಿನಿಂದ ಗೋಡೆಯ ಮೊಳೆಗೆ ಬಿಗಿದಿದ್ದರು. ಆಮೇಲೆ ಅವರೇ ಬಿದ್ದುಹೋದರು. ಡಬ್ಬ ಅಲ್ಲೇ ಇತ್ತು.

ಹೊಸ ರೌಟರ್ ಆರಿಸುವುದೂ ಹಾಸಿಗೆ ಆರಿಸಿದ ಹಾಗೆಯೇ ಎಂದು ಅಳಿಯ ತೀರ್ಮಾನಿಸಿದ. ಯಾರ ಬೆನ್ನು ಹೇಗಿದೆ, ಯಾರು ಹೊರಳಾಡುತ್ತಾರೆ ಎಂದು ತಿಳಿಯದೆ ಹಾಸಿಗೆ ಕೊಡಬಾರದು. ಹಾಗೆಯೇ ಮನೆಯ ಎಲ್ಲ ಸಾಧನಗಳಿಗೂ ಹೊಂದುವಂಥ ರೌಟರ್ ಬೇಕು. ಅವನು ಕೋಣೆ ಕೋಣೆಗೂ ಹೋಗಿ ವಿಚಾರಿಸಿದ. ಹೆಂಡತಿಯ ಲ್ಯಾಪ್‌ಟಾಪು ಸದಾ ದಣಿದಿರುತ್ತದೆ. ಮಗಳ ಟ್ಯಾಬ್ಲೆಟ್ಟು ಪಾಠ ಬಂದಾಗ ನಿದ್ದೆ ಹೋಗುತ್ತದೆ, ಆಟ ಬಂದಾಗ ಏಳುತ್ತದೆ. ಟೀವಿ ಹಟಮಾರಿ. ಪ್ರಿಂಟರು ಯಾರ ಮಾತನ್ನೂ ಕೇಳಿದ್ದೇ ಇಲ್ಲ.

ಕೊನೆಗೆ ಹಿಂದಿನ ಕೋಣೆ. ಅತ್ತೆ ಮಂಚದ ತುದಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಎಂಟು ತಿಂಗಳಿಂದ ಅವರ ಮುಖ್ಯ ಕೆಲಸ ಅದೇ. ಮಾತು ಕಡಿಮೆಯಾಗಿತ್ತು. ಅತ್ತಿದ್ದನ್ನಂತೂ ಯಾರೂ ನೋಡಿರಲಿಲ್ಲ.

“ಅತ್ತೆ, ವೈಫೈಗೆ ಸೇರೋದು ನಿಮ್ಮದೇನಾದರೂ ಇದೆಯಾ?”

“ನನ್ನದೇನಿದೆ, ಅಳಿಯಂದ್ರೇ. ನನ್ನದು ಅಂತ ಈಗ ಏನೂ ಇಲ್ಲ.”

ಅಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಂಡ. ಮಗಳು ಮುಗಿಸಲು ಬಿಡಲಿಲ್ಲ.

“ಅಪ್ಪ, ಹಳೇ ರೌಟರ್‌ಗೆ ಯಾರ್ಯಾರು ಸೇರಿದಾರೆ ಅಂತ ನನ್ನ ಟ್ಯಾಬ್ಲೆಟ್ಟಲ್ಲಿ ತೋರಿಸುತ್ತೆ. ನಿನ್ನ ಲೆಕ್ಕಕ್ಕಿಂತ ಒಂದು ಜಾಸ್ತಿ ಇದೆ.”

“ಯಾವುದದು?”

“ಹೆಸರಿಲ್ಲ. ಬರೀ ಅಂಕಿ, ಅಕ್ಷರ. ದಿನಾ ಬೆಳಗ್ಗೆ ಆರಕ್ಕೆ ಬರುತ್ತೆ, ಸ್ವಲ್ಪ ಹೊತ್ತಿದ್ದು ಹೋಗುತ್ತೆ.”

ಕಳ್ಳ. ಅದೂ ಶಿಸ್ತಿನ ಕಳ್ಳ. ಬೆಳಗ್ಗೆ ಆರಕ್ಕೆ ಏಳುವವರು ಆ ಕಟ್ಟಡದಲ್ಲಿ ಒಬ್ಬರೇ: ಮೇಲಿನ ಮನೆಯ ಕಾರ್ಯದರ್ಶಿಗಳು. ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಅವರು ನೀರಿನ ತೊಟ್ಟಿಯಿಂದ ಹಿಡಿದು ಹೆಣದ ಗಾಡಿಯವರೆಗೆ ಎಲ್ಲದರ ಉಸ್ತುವಾರಿ ಹೊತ್ತವರು. ಅಳಿಯ ಅವರನ್ನು ಮೆಟ್ಟಿಲಲ್ಲಿ ಅಡ್ಡಹಾಕಿದ.

“ಸಾರ್, ಬೆಳಗ್ಗೆ ಆರಕ್ಕೆ ತಾವು ಏನು ಮಾಡ್ತೀರಿ?”

“ಅದನ್ನ ನಾನು ನಮ್ಮ ಮನೆಯಾಕೆಗೂ ಹೇಳಿಲ್ಲ. ಯಾಕೆ?”

“ನಮ್ಮ ವೈಫೈನ ಯಾರೋ ಕದೀತಿದಾರೆ.”

“ಯಾರೋ ಅಂದ್ರೆ?”

“ಗೋಡೆ ಪಕ್ಕದವರೋ, ಛಾವಣಿ ಮೇಲಿನವರೋ.”

“ನಿಮ್ಮ ಛಾವಣಿ ಅಂದ್ರೆ ನನ್ನ ನೆಲ.”

“ನಾನು ಹಾಗೆ ಹೇಳಲಿಲ್ಲ.”

“ನೀವು ಹೇಳಬೇಕಾಗಿಲ್ಲ, ಕಟ್ಟಿದವನೇ ಹಾಗೆ ಕಟ್ಟಿದಾನೆ,” ಎಂದರು ಕಾರ್ಯದರ್ಶಿಗಳು. ಅವರ ಕಿವಿ ಕೆಂಪಾಗಿತ್ತು. “ಹಾಸಿಗೆಯವರೇ, ನಿಮ್ಮ ಮಾವನವರನ್ನ ಕೆಳಗಿಳಿಸೋವಾಗ ಲಿಫ್ಟ್ ಕೆಟ್ಟಿತ್ತು. ಈ ಮೆಟ್ಟಿಲ ತಿರುವಿನಲ್ಲಿ ಹೆಗಲು ಕೊಟ್ಟವನು ನಾನು. ಆ ಹೆಗಲು ಇನ್ನೂ ನೋಯುತ್ತೆ. ನನ್ನನ್ನ ಕಳ್ಳ ಅಂತೀರಾ?”

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಬೋರ್ಡಿನಲ್ಲಿ ಸೂಚನೆ ಬಿತ್ತು: ‘ಕೆಲವು ನಿವಾಸಿಗಳು ಪದಾಧಿಕಾರಿಗಳ ನೆಲದ ಬಗ್ಗೆ ಹಗುರವಾಗಿ ಮಾತನಾಡುತ್ತಿರುವುದು ಸಂಘದ ಗಮನಕ್ಕೆ ಬಂದಿದೆ.’ ಓದಿದವರಿಗೆ ಏನೂ ತಿಳಿಯಲಿಲ್ಲ. ಆದರೆ ಎಲ್ಲರೂ ತಂತಮ್ಮ ನೆಲವನ್ನು ಒಂದು ಸಲ ನೋಡಿಕೊಂಡರು.

ಇನ್ನು ತಡ ಮಾಡುವಂತಿರಲಿಲ್ಲ. ಅಳಿಯ ಅಂಗಡಿಗೆ ಹೋದ.

“ಮನೇಲಿ ಎಷ್ಟು ಸಾಧನ ಇದೆ ಸಾರ್?” ಎಂದ ಅಂಗಡಿಯವನು.

‘ಎಷ್ಟು ಜನ ಮಲಗ್ತೀರಿ ಸಾರ್’ ಎಂದು ಅಳಿಯ ದಿನವೂ ಕೇಳುವ ಪ್ರಶ್ನೆಯ ಸ್ವಂತ ತಮ್ಮ ಅದು. ಮುಂದಿನದೂ ಗೊತ್ತಿತ್ತು. ಮೊದಲು ಅಗ್ಗದ್ದನ್ನು ತೋರಿಸಿ ಮೂಗು ಮುರಿಯುತ್ತಾನೆ. ಆಮೇಲೆ ದುಬಾರಿಯದನ್ನು ತೋರಿಸಿ ನಿಟ್ಟುಸಿರು ಬಿಡುತ್ತಾನೆ. ಕೊನೆಗೆ ನಡುವಿನದನ್ನು ಮುಂದೆ ಸರಿಸಿ ‘ನಿಮಗೋಸ್ಕರ’ ಎನ್ನುತ್ತಾನೆ. ಎಲ್ಲವೂ ಹಾಗೆಯೇ ನಡೆಯಿತು. ತಾನೇ ಹೆಣೆಯುವ ಬಲೆಯೊಳಕ್ಕೆ ಅಳಿಯ ತಲೆ ತಗ್ಗಿಸಿಕೊಂಡು ನಡೆದುಹೋದ. ‘ನಿಮಗೋಸ್ಕರ’ ಎಂದು ಅವನಿಗೆ ಯಾರಾದರೂ ಹೇಳಿ ಬಹಳ ಕಾಲವಾಗಿತ್ತು.

ನಡುವಿನದಕ್ಕೆ ಆರು ಆಂಟೆನಾ. ಕಪ್ಪಗೆ, ಅಂಗಾತ ಬಿದ್ದ ಜೀರುಂಡೆಯ ಹಾಗಿತ್ತು. ಅಳಿಯ ಅದರ ಮೇಲೆ ಅಂಗೈ ಇಟ್ಟು ಒತ್ತಿದ.

“ಯಾಕೆ ಸಾರ್ ಒತ್ತುತಿದೀರಿ?”

“ಗಟ್ಟಿ ಇದೆಯಾ ನೋಡಿದೆ.”

“ಇದರ ಮೇಲೆ ಯಾರೂ ಮಲಗಲ್ಲ ಸಾರ್.” ಅಂಗಡಿಯವನು ಡಬ್ಬವನ್ನು ಮೆಲ್ಲನೆ ತನ್ನ ಕಡೆ ಎಳೆದುಕೊಂಡ. “ಮನೇಲಿ ಹಳೇದು ಏನಾದ್ರೂ ಇದೆಯಾ? ಹಳೇ ಫೋನು ಗೀನು? ಇದ್ದರೆ ಇದರ ಬೀಗನ, ಅಂದ್ರೆ ಸೆಕ್ಯುರಿಟಿನ, ಸ್ವಲ್ಪ ಸಡಿಲ ಇಡಬೇಕು. ಹೊಸ ಬೀಗ ಹಳೇವಕ್ಕೆ ಅರ್ಥ ಆಗಲ್ಲ, ಹೊರಗೇ ನಿಂತುಬಿಡ್ತವೆ.”

“ನಮ್ಮನೇಲಿ ಹಳೇದು ಅಂದ್ರೆ ಅತ್ತೆ ಒಬ್ಬರೇ.”

“ಅವರಿಗೆ ವೈಫೈ ಬೇಕಾ?”

“ಬೇಡವಂತೆ. ಕೇಳಿದೀನಿ.”

“ಹಾಗಾದ್ರೆ ಬಿಗಿಯಾಗೇ ಹಾಕ್ಕೊಳ್ಳಿ.”

ಅಳಿಯ ಬಿಗಿಯಾಗಿಯೇ ಹಾಕಿದ. ಹಳೆಯ ಡಬ್ಬದ ಹಸಿರು ಗಂಟು ಬಿಚ್ಚಿ, ಬಟ್ಟೆಯನ್ನು ಅದಕ್ಕೇ ಸುತ್ತಿ ಅಟ್ಟಕ್ಕೆ ತಳ್ಳಿದ. ಹೊಸದು ಬೀರುವಿನ ಮೇಲೆ ಆರೂ ಕೊಂಬು ಎತ್ತಿ ಕೂತಿತು. ಮಲಗುವ ಕೋಣೆಯಿಂದ ‘ನಿಮ್ಮ ನೋವು ನಮಗೆ ಅರ್ಥವಾಗುತ್ತದೆ’ ಎಂಬ ವಾಕ್ಯ ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿಬಂತು. ಪ್ರಿಂಟರು ಮಾತ್ರ ಹೊಸಬನನ್ನು ಗುರುತಿಸಲು ಒಪ್ಪಲಿಲ್ಲ; ಅದು ಹಳೆಯವನನ್ನೂ ಗುರುತಿಸಿರಲಿಲ್ಲ. ಮರುದಿನ ಬೆಳಗ್ಗೆ ಆರಕ್ಕೆ ಮಗಳನ್ನು ಎಬ್ಬಿಸಿ ಅಳಿಯ ನೋಡಿಸಿದ. ಕಳ್ಳ ಬಂದಿರಲಿಲ್ಲ. ಅವನು ಛಾವಣಿಯ ಕಡೆ ನೋಡಿ, ಅಪರೂಪಕ್ಕೆ, ನಕ್ಕ.

ಆ ದಿನ ಅತ್ತೆ ಕೋಣೆಯಿಂದ ಹೊರಗೆ ಬರಲಿಲ್ಲ. ಊಟದ ತಟ್ಟೆ ಹೋದ ಹಾಗೆಯೇ ವಾಪಸಾಯಿತು. ಮಾರನೆಯ ದಿನವೂ ಅಷ್ಟೇ. ಡಾಕ್ಟರು ಬಂದು ನಾಡಿ ಹಿಡಿದು, ನಾಲಗೆ ನೋಡಿ, “ಜ್ವರ ಇಲ್ಲ, ಏನೂ ಇಲ್ಲ. ಮನೇಲಿ ಏನಾದರೂ ಬದಲಾವಣೆ ಆಗಿದೆಯಾ?” ಎಂದರು.

“ಏನೂ ಇಲ್ಲ ಡಾಕ್ಟ್ರೇ,” ಎಂದ ಅಳಿಯ.

ಡಾಕ್ಟರು ಹೋದ ಮೇಲೆ ಅತ್ತೆ ಒಂದೇ ಮಾತು ಕೇಳಿದರು. “ಆ ಹಳೇ ಡಬ್ಬ ಏನು ಮಾಡಿದಿರಿ?”

“ಅಟ್ಟಕ್ಕೆ ಹಾಕಿದೆ ಅತ್ತೆ. ಇನ್ನು ತೊಂದರೆ ಇಲ್ಲ.”

ಅತ್ತೆ ಗೋಡೆಯ ಕಡೆ ಹೊರಳಿದರು.

ಹೊರಳಿದ್ದನ್ನು ನೋಡಿ ಅಳಿಯನಿಗೆ ರೋಗ ಯಾವುದೆಂದು ಹೊಳೆಯಿತು. ಬೆನ್ನು. ಅವನ ಕಸುಬಿನಲ್ಲಿ ಮನುಷ್ಯನ ಕಷ್ಟಗಳೆಲ್ಲ ಬೆನ್ನಿನಲ್ಲೇ ಹುಟ್ಟುತ್ತವೆ. ಸಂಜೆ ಅಂಗಡಿಯಿಂದ, ಗಿರಾಕಿಗಳು ಮಲಗಿ ಮಲಗಿ ನಡುವೆ ತಗ್ಗು ಬಿದ್ದಿದ್ದ ಒಂದು ಹಾಸಿಗೆಯನ್ನು ಮಾಲೀಕರ ಕಾಲು ಹಿಡಿದು ತಂದು, ಅತ್ತೆಯನ್ನು ಎಬ್ಬಿಸಿ, ಹಾಸಿ, ಮತ್ತೆ ಮಲಗಿಸಿದ. ಅತ್ತೆ ಆ ತಗ್ಗಿನಲ್ಲಿ ಮಲಗಿ ಅದೇ ಗೋಡೆಯನ್ನು ನೋಡಿದರು.

“ಅಮ್ಮ ಹೀಗೇ ಇದ್ದರೆ ಉಳಿಯಲ್ಲ ಕಣ್ರೀ,” ಎಂದಳು ಹೆಂಡತಿ. ಹೆಡ್‌ಫೋನ್ ತೆಗೆದಿಟ್ಟು ಹೇಳಿದ ಮಾತಾದ್ದರಿಂದ ಅಳಿಯನಿಗೆ ಹೆದರಿಕೆಯಾಯಿತು.

ಮೂರು ಬೆಳಗು ಕಳೆದು, ನಾಲ್ಕನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಐದು ಮಂದಿ ಮುದುಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು, ತಲೆಗೆ ಟೋಪಿ. ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿನುದ್ದಕ್ಕೂ ಸಾಲಾಗಿ ನಿಂತಿದ್ದರು. ಮುಂದಿದ್ದವರು ಎಲ್ಲರಿಗಿಂತ ಹಿರಿಯರು, ಕಿವಿ ಮಂದ, ಆದ್ದರಿಂದ ದನಿ ದೊಡ್ಡದು. ಕೈಯಲ್ಲಿ ಸತ್ತವರ ಮುಂದೆ ಇಡುವಂಥ ದೊಡ್ಡ ಹೂವಿನ ಚಕ್ರ. ಅದಕ್ಕೆ ಅಡ್ಡಲಾಗಿ ಅಂಟಿಸಿದ್ದ ಕಾಗದದ ಪಟ್ಟಿಯ ಮೇಲೆ ಒಂದು ಅಂಗೈಯನ್ನು ಬಿಗಿಯಾಗಿ ಒತ್ತಿಟ್ಟುಕೊಂಡಿದ್ದರು.

“ಗಾರ್ಡ್ ಮನೆ ಇದೇ ತಾನೇ?”

“ಹೌದು. ಅಂದರೆ, ಆಗಿತ್ತು.”

ಐವರೂ ಒಟ್ಟಿಗೆ ಟೋಪಿ ತೆಗೆದರು.

“ನಾವೆಲ್ಲ ಅವನ ಜೊತೆ ರೈಲಲ್ಲಿ ಗಾರ್ಡ್ ಆಗಿದ್ದವರು,” ಎಂದರು ಹಿರಿಯರು. “ಫೋನಲ್ಲಿ ನಮ್ಮದೊಂದು ಗುಂಪಿದೆ. ದಿನಾ ಬೆಳಗ್ಗೆ ಒಬ್ಬೊಬ್ಬರೂ ಒಂದು ಹೆಬ್ಬೆರಳು ತೋರಿಸ್ತೀವಿ. ಇದೀನಿ ಅಂತ. ಹಸಿರು ಬಾವುಟ ಇದ್ದ ಹಾಗೆ. ಮೂರು ದಿನ ಯಾರದಾದರೂ ಬರಲಿಲ್ಲ ಅಂದ್ರೆ ಉಳಿದವರು ಹೂವು ತಗೊಂಡು ಮನೆಗೆ ಬರೋದು. ವಯಸ್ಸಾದವರಲ್ಲವಾ, ಫೋನ್ ಮಾಡಿ ಕೇಳೋದಕ್ಕೆ ಸಂಕೋಚ. ಈ ಮನೆ ಬಾವುಟ ಮೂರು ದಿನದಿಂದ ಬಂದಿಲ್ಲ.”

“ಮೂರು ದಿನದಿಂದ,” ಎಂದ ಅಳಿಯ. “ಅದಕ್ಕೆ ಮುಂಚೆ?”

“ಸರಿಯಾಗಿ ಆರಕ್ಕೆ ಬರ್ತಿತ್ತು.”

ಅಳಿಯ ಹಿಂದಿನ ಕೋಣೆಯ ಮುಚ್ಚಿದ ಬಾಗಿಲಿನ ಕಡೆ ನೋಡಿದ. ಮಾವನವರ ಸಿಮ್ಮನ್ನು ಹೆಂಡತಿ ಅಂದೇ ನಿಲ್ಲಿಸಿದ್ದಳು. ಫೋನು ಬಟ್ಟೆಗಳ ಜೊತೆ ಯಾರಿಗೋ ಹೋಯಿತು ಎಂದು ಎಲ್ಲರೂ ತಿಳಿದಿದ್ದರು. ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದ್ದೇನೆ ಎಂದಿದ್ದವರು ಅತ್ತೆ. ಹೆಸರಿಲ್ಲದ ಆ ಕಳ್ಳ ಮೇಲಿನ ಮನೆಯಲ್ಲಿರಲಿಲ್ಲ. ಹಿಂದಿನ ಕೋಣೆಯಲ್ಲಿ, ತಲೆದಿಂಬಿನ ಕೆಳಗಿದ್ದ. ಆರು ಕೊಂಬಿನ ಡಬ್ಬ ತಂದು, ಬಿಗಿಯಾಗಿ ಬೀಗ ಹಾಕಿ, ಎಂಟು ತಿಂಗಳಿಂದ ಒಂದು ಕಡೆಯಲ್ಲಾದರೂ ಬದುಕಿದ್ದ ಮಾವನವರನ್ನು ಅಳಿಯ ತನ್ನ ಕೈಯಾರೆ ಮುಗಿಸಿದ್ದ.

ಹೂವಿನ ಚಕ್ರ ಮೆಟ್ಟಿಲು ಹತ್ತಿದ್ದನ್ನು ಕಟ್ಟಡವೆಲ್ಲ ನೋಡಿತ್ತು. ಎದುರು ಮನೆಯಾಕೆ ಯಾರಿಗೆಂದು ತಿಳಿಯದಿದ್ದರೂ ಸೆರಗು ಕಣ್ಣಿಗೆ ಒತ್ತಿಕೊಂಡು ಬಂದೇಬಿಟ್ಟಳು. ಕಾರ್ಯದರ್ಶಿಗಳು ಮೇಲಿನಿಂದ ಇಳಿದರು.

“ಸಂಘಕ್ಕೆ ತಿಳಿಸದೆ ಯಾರು ತೀರಿಕೊಂಡಿದ್ದು ಇಲ್ಲಿ?”

ಆಗ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಅತ್ತೆ ತಲೆ ಬಾಚಿಕೊಂಡಿದ್ದರು. ಗೋಡೆ ಹಿಡಿದುಕೊಂಡು ನಡುಮನೆಗೆ ಬಂದು, ಐದು ಬಿಳಿ ಅಂಗಿಗಳ ಮುಂದೆ ನಿಂತರು. ಅವರನ್ನು ನೋಡಿ ಹಿರಿಯ ಗಾರ್ಡ್ ಒಂದು ಹೆಜ್ಜೆ ಹಿಂದೆ ಸರಿದರು. ತಕ್ಷಣ ಹೂವಿನ ಚಕ್ರವನ್ನು ಹಿಂದುಮುಂದಾಗಿ ತಿರುಗಿಸಿ ಎದೆಗೆ ಒತ್ತಿಕೊಂಡರು.

“ಯಾವಾಗ ಆಯ್ತಮ್ಮ?”

“ಮೊನ್ನೆ,” ಎಂದರು ಅತ್ತೆ.

ಹೆಂಡತಿ ಗಂಡನ ಮುಖ ನೋಡಿದಳು. ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದಳು. ಕಾರ್ಯದರ್ಶಿಗಳು ಬಾಯಿ ತೆರೆದರು.

“ಮೊನ್ನೆನಾ? ಏನಮ್ಮ ಹೇಳ್ತಿದೀರಿ? ಈ ಹೆಗಲಲ್ಲಿ ನಾನು—”

ಅಳಿಯ ಎರಡೇ ನೆಗೆತಕ್ಕೆ ಅವರ ಎರಡೂ ಕೈ ಹಿಡಿದುಕೊಂಡ.

“ಕಾರ್ಯದರ್ಶಿಗಳೇ, ನೀವು ನನ್ನ ವೈಫೈ ಕದ್ದಿಲ್ಲ. ತಪ್ಪು ನನ್ನದು. ಎಲ್ಲರ ಮುಂದೆ ಹೇಳ್ತಿದೀನಿ. ನಾಳೆ ಬೋರ್ಡಿಗೆ ಬರೆದು ಹಾಕಿ, ಹಾಸಿಗೆಯವನು ತಪ್ಪೊಪ್ಪಿಕೊಂಡ ಅಂತ.”

“ಕೆಳಗೆ ಸಹಿ ಮಾಡ್ತೀರಾ?”

“ಮಾಡ್ತೀನಿ. ನಿಮ್ಮ ನೆಲದ ಬಗ್ಗೆ ಇನ್ನು ಮುಂದೆ ಒಂದು ಮಾತೂ ಆಡಲ್ಲ.”

ಕಾರ್ಯದರ್ಶಿಗಳು ಅತ್ತೆಯನ್ನು ನೋಡಿದರು. ಐದು ಬೋಳು ತಲೆಗಳನ್ನು ನೋಡಿದರು. ತಮ್ಮ ಹೆಗಲನ್ನು ಒಮ್ಮೆ ಸವರಿಕೊಂಡರು.

“ಮೊನ್ನೆ,” ಎಂದರು ನಿಧಾನವಾಗಿ. “ಹೌದು, ಮೊನ್ನೆಯೇ. ಲಿಫ್ಟ್ ಕೆಟ್ಟಿತ್ತು.”

ಆಮೇಲೆ ಗಾರ್ಡುಗಳು ಕೂತು ಮಾವನವರ ಬಗ್ಗೆ ಮಾತಾಡಿದರು. ಎಂಟು ತಿಂಗಳ ಹಿಂದೆ ಈ ಮನೆಯಲ್ಲಿ ಗಾಡಿಯ ಮಾತಾಗಿತ್ತು, ಆಸ್ಪತ್ರೆಯ ಕಾಗದದ ಮಾತಾಗಿತ್ತು, ಕೆಟ್ಟ ಲಿಫ್ಟಿನ ಮಾತಾಗಿತ್ತು. ಸತ್ತವರ ಮಾತು ಯಾರೂ ಎತ್ತಿರಲಿಲ್ಲ. ಇವರು ಎತ್ತಿದರು. ಮಂಜಿನಲ್ಲಿ ನಿಂತ ರೈಲಿನ ಹಿಂದೆ ಲಾಟೀನು ಹಿಡಿದು ಬೆಳಗಾಗುವವರೆಗೆ ನಿಂತಿದ್ದು, ಪ್ರಯಾಣಿಕಳೊಬ್ಬಳ ಮಗುವನ್ನು ಬಾವುಟದಲ್ಲಿ ಸುತ್ತಿ ತಂದಿದ್ದು, ಇಸ್ಪೀಟು ಆಟದಲ್ಲಿ ಮೋಸ ಮಾಡುತ್ತಿದ್ದದ್ದು. ಇಸ್ಪೀಟಿನ ಮಾತು ಬಂದಾಗ ಅತ್ತೆ ಅತ್ತರು. ತಡೆದಿಟ್ಟ ನೀರು ಬಿಟ್ಟ ಹಾಗೆ, ಸದ್ದು ಮಾಡಿ ಅತ್ತರು. ಹೆಂಡತಿ ಅಮ್ಮನ ಪಕ್ಕ ಕೂತಳು. ಅರ್ಥವಾಗುತ್ತದೆ ಎಂದು ಹೇಳಲಿಲ್ಲ.

ಅಳಿಯ ಹಿರಿಯರನ್ನು ಮೆಟ್ಟಿಲವರೆಗೆ ಬಿಡಲು ಹೋದ. ನಿಜ ಹೇಳದೆ ಅವನಿಂದ ಇರಲಾಗಲಿಲ್ಲ.

“ಸಾರ್, ನಮ್ಮತ್ತೆ ಹೇಳಿದ್ದು—”

“ಗೊತ್ತು,” ಎಂದರು ಹಿರಿಯರು, ಪಿಸುಗುಡುತ್ತಿದ್ದೇನೆ ಎಂದುಕೊಂಡು, ಮೂರು ಮಹಡಿಗೆ ಕೇಳುವಂತೆ. “ಕೆಲಸದಲ್ಲಿದ್ದಾಗ ಒಂದು ಕ್ಷಣ ತಡ ಮಾಡಿದವನಲ್ಲ ಅವನು. ನಿವೃತ್ತಿಯಾದ ಮೇಲೆ ಸೇಡು ತೀರಿಸಿಕೊಂಡ. ಅವನ ಹೆಬ್ಬೆರಳು ಎಂಟಕ್ಕೆ ಬರೋದು, ಒಂಬತ್ತಕ್ಕೆ ಬರೋದು, ಒಂದೊಂದು ದಿನ ಊಟ ಆದ ಮೇಲೆ. ಇದ್ದಕ್ಕಿದ್ದ ಹಾಗೆ ದಿನಾ ಸರಿಯಾಗಿ ಆರಕ್ಕೆ ಬರೋಕೆ ಶುರುವಾಯ್ತು. ಅವತ್ತೇ ಗೊತ್ತಾಯ್ತು ನಮಗೆ, ಅವನಿಲ್ಲ ಅಂತ.”

“ಮತ್ತೆ ಅವಾಗಲೇ ಯಾಕೆ ಬರಲಿಲ್ಲ?”

“ಬಂದಿದ್ದರೆ ಆಯಮ್ಮ ನಿಲ್ಲಿಸಬೇಕಾಗ್ತಿತ್ತಲ್ಲ.”

“ಹಾಗಾದರೆ ಇವತ್ತು ಈ ಹೂವು?”

ಹಿರಿಯರು ಅಂಗೈ ಎತ್ತಿದರು. ಬೆವರಿಗೆ ಶಾಯಿ ಸ್ವಲ್ಪ ಹರಡಿದ್ದರೂ ಪಟ್ಟಿಯ ಮೇಲಿನ ಅಕ್ಷರ ಓದುವಂತಿತ್ತು. ‘ಅಮ್ಮನವರಿಗೆ.’

ಆಮೇಲೆ ಹಿರಿಯರು ಪಟ್ಟಿಯನ್ನು ಹುಷಾರಾಗಿ ಕಿತ್ತು, ಮಡಿಸಿ, ಜೇಬಿಗೆ ಹಾಕಿಕೊಂಡು, ಹೂವನ್ನು ಅಳಿಯನ ಕೈಗಿತ್ತರು. “ಹೂವು ಇಟ್ಕೊಳ್ಳಿ. ಇದು ನನ್ನ ಹತ್ರ ಇರಲಿ, ಮತ್ತೆ ಬರೆಸೋದು ತಪ್ಪುತ್ತೆ. ಆಯಮ್ಮನಿಗೆ ಹೇಳಿ, ಇನ್ನು ಮೇಲೆ ಅವರ ಬಾವುಟನೇ ತೋರಿಸಲಿ. ಗುಂಪಲ್ಲಿ ಅವರ ಹೆಸರು ಹಾಕ್ಕೋತೀವಿ. ನಿಮ್ಮ ನಂಬರೂ ಕೊಟ್ಟಿರಿ.”

ಸಂಜೆ ಅಳಿಯ ಅಟ್ಟ ಹತ್ತಿ ಹಳೆಯ ಡಬ್ಬ ಇಳಿಸಿದ. ಮಗಳು ಹೊಸದರಿಂದ ಒಂದು ವೈರು ಎಳೆದು ಅದಕ್ಕೆ ಸಿಕ್ಕಿಸಿದಳು. ಆರು ಕೊಂಬಿನದು ಹೆಂಡತಿಗೆ, ಕೊಂಬಿಲ್ಲದ್ದು ಅತ್ತೆಗೆ. ಎಲ್ಲ ಸಾಧನಗಳಿಗೂ ಹೊಂದುವ ರೌಟರ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಹೀಗೆ ಎರಡು ಡಬ್ಬವಾಯಿತು. ಅಳಿಯ ಹಸಿರು ಬಟ್ಟೆಯಿಂದ ಎರಡನ್ನೂ ಸೇರಿಸಿ ಮೊಳೆಗೆ ಬಿಗಿದ. ಒತ್ತಿ ನೋಡಲಿಲ್ಲ.

ಮರುದಿನ ಬೆಳಗ್ಗೆ ಅವನ ಫೋನು ಬಡಿದುಕೊಂಡಿತು.

“ಆರು ದಾಟಿತು,” ಎಂದಿತು ಹಿರಿಯರ ದನಿ. “ಅಮ್ಮ ಇನ್ನೂ ತೋರಿಸಿಲ್ಲ.”

ಅಳಿಯ ಬರಿಗಾಲಲ್ಲಿ ಹಿಂದಿನ ಕೋಣೆಗೆ ಓಡಿದ. ಬಾಗಿಲು ತಳ್ಳುವಾಗ ಅವನ ಕಣ್ಣ ಮುಂದೆ ಜೇಬಿನಲ್ಲಿ ಮಡಿಸಿಟ್ಟ ಆ ಪಟ್ಟಿ ಹಾದುಹೋಯಿತು.

ಅತ್ತೆ ಹಾಸಿಗೆಯ ತಗ್ಗಿನಲ್ಲಿ ನೆಟ್ಟಗೆ ಕೂತಿದ್ದರು. ತೊಡೆಯ ಮೇಲೆ ಮಾವನವರ ಫೋನು ಬೆಳಗುತ್ತಿತ್ತು. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

“ಅತ್ತೆ, ಸೇರ್ತಿಲ್ಲವಾ? ಮತ್ತೆ ಕೆಟ್ಟಿತಾ?”

“ಚೆನ್ನಾಗಿ ಸೇರಿದೆ.”

“ಮತ್ತೆ? ಅವರು ಕಾಯ್ತಿದಾರೆ. ಗಾಬರಿಯಾಗಿದಾರೆ.”

“ನಿನ್ನೆ ಆ ಹಿರಿಯರು ಮೆಟ್ಟಿಲಲ್ಲಿ ಮಾತಾಡಿದ್ದು ಇಲ್ಲಿಗೆಲ್ಲ ಕೇಳಿಸ್ತು, ಅಳಿಯಂದ್ರೇ. ಕಿವಿ ಮಂದ ಇರೋರು ಹಾಗೇ.” ಅತ್ತೆ ಸೆರಗಿನಿಂದ ಫೋನಿನ ಗಾಜು ಒರೆಸಿದರು. “ನಮ್ಮನೆಯವರು ತಡ ಮಾಡ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಬೆಳಗ್ಗೆ ಎದ್ದು ಫೋನ್ ಹಿಡ್ಕೊಂಡು ಕೂರೋರು. ಅವಾಗಲೇ ತೋರಿಸ್ತಾರೆ ಅಂದ್ಕೊಂಡಿದ್ದೆ.”

“ಈಗ ತೋರಿಸಿಬಿಡಿ ಅತ್ತೆ.”

“ತೋರಿಸ್ತೀನಿ,” ಎಂದರು ಅತ್ತೆ, ಗಡಿಯಾರದಿಂದ ಕಣ್ಣು ತೆಗೆಯದೆ. “ಎಂಟಾಗಲಿ. ಸ್ವಲ್ಪ ಕಾಯಲಿ ಅವರು. ನೀವು ಹೋಗಿ ಚಹಾಕ್ಕಿಡಿ.”